ಹತ್ತಕ್ಕೆ ಹತ್ತರ ಕೋಣೆ, ಫರಸಿ ನೆಲ, ಒಂದು ಲ್ಯಾಪ್‌ಟಾಪ್: ಮನೆಯಲ್ಲೇ ತತ್ವಪದ ಧ್ವನಿಮುದ್ರಣ ಸಾಧ್ಯವೇ?

ದಮ್ಮಡಿ ದನಿ (ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ ದೊಡ್ಡಪ್ಪನವರ ಭಜನಾ ಮೇಳದಲ್ಲಿ ಐದು ಜನ ಇದ್ದಾರೆ. ಏಕತಾರಿ, ದಮ್ಮಡಿ (ಬಡಿಯುವ ಚರ್ಮವಾದ್ಯ), ತಾಳ, ಪೇಟಿ (ಹಾರ್ಮೋನಿಯಂ), ಇಷ್ಟೇ ವಾದ್ಯ. ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಕುಳಿತರೆ ಬೆಳಗಾಗುವವರೆಗೆ ತತ್ವಪದ ಹಾಡುತ್ತಾರೆ. ಅವರಲ್ಲಿ ಇಬ್ಬರಿಗೆ ಎಪ್ಪತ್ತು ದಾಟಿದೆ. ಅವರ ಬಾಯಲ್ಲಿರುವ ಕೆಲವು ಪದಗಳ ಧಾಟಿ ಈಗ ಊರಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನು ಕೇಳಿದರೆ ದಮ್ಮಡಿ ಬಡಿದಾಗಲೆಲ್ಲ ದನಿ ಒಡೆಯುತ್ತದೆ, ಪದದ ಮಾತು ತಿಳಿಯುವುದೇ ಇಲ್ಲ. ಅದಕ್ಕೇ ಮನೆಯಲ್ಲಿ ಸರಿಯಾದ ವ್ಯವಸ್ಥೆ ಮಾಡಬೇಕೆಂದಿದ್ದೇನೆ.

ಮಹಡಿಯ ಮೇಲೆ ಹತ್ತಕ್ಕೆ ಹತ್ತರ ಒಂದು ಖಾಲಿ ಕೋಣೆ ಇದೆ, ಎತ್ತರವೂ ಹತ್ತು ಅಡಿ. ಆರ್‌ಸಿಸಿ ಛಾವಣಿ, ಶಹಾಬಾದ್ ಫರಸಿಯ ನೆಲ, ರಸ್ತೆಯ ಕಡೆಗೆ ಕಿಟಕಿ. ಎಂಟು ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ನನ್ನಲ್ಲಿದೆ. ಕೈಯಲ್ಲಿ ನಲವತ್ತು ಸಾವಿರ ರೂಪಾಯಿ ಇದೆ. ಅಂಗಡಿಯವರು ದೊಡ್ಡ ಕಂಡೆನ್ಸರ್ ಮೈಕ್ ಮತ್ತು ಒಂದು ಜೊತೆ ಸ್ಪೀಕರ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಗೆಳೆಯನೊಬ್ಬ ಗೋಡೆಗೆ ಮೊಟ್ಟೆಯ ಟ್ರೇ ಹಚ್ಚು ಎಂದ. ಎಲ್ಲಿಂದ ಶುರು ಮಾಡಲಿ?

ಆಳಂದ ರಸ್ತೆ

ತಮ್ಮಾ, ಮೊದಲು ಒಂದು ಕೆಲಸ ಮಾಡು. ಆ ಖಾಲಿ ಕೋಣೆಯ ನಡುವೆ ನಿಂತು, ಬಾಗಿಲು ಮುಚ್ಚಿ, ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟು. ಚಪ್ಪಾಳೆಯ ಹಿಂದೆಯೇ ‘ಝಿಣ್’ ಎಂಬ ಲೋಹದಂತಹ ದನಿಯೊಂದು ಎಳೆದುಕೊಂಡು ಹೋಗುತ್ತದೆ. ಎದುರುಬದುರಿನ ಗಟ್ಟಿ ಗೋಡೆಗಳ ನಡುವೆ, ನೆಲ ಮತ್ತು ಛಾವಣಿಯ ನಡುವೆ ಸದ್ದು ಪುಟಿಯುತ್ತಿರುವುದು ಅದು. ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ನುಣುಪು ಮಾಡಿದ ಸುಣ್ಣಕಲ್ಲು, ಮೇಲೆ ಕಾಂಕ್ರೀಟು. ಎರಡೂ ದನಿಯನ್ನು ಹೀರುವುದಿಲ್ಲ. ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ. ಅದನ್ನು ಇಂತಹ ಕೋಣೆಯಲ್ಲಿಟ್ಟರೆ ದೊಡ್ಡಪ್ಪನವರ ದನಿಯ ಜೊತೆಗೆ ಈ ಝಿಣ್ ಕೂಡ ಅಷ್ಟೇ ಚೆನ್ನಾಗಿ ದಾಖಲಾಗುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ.

ಎರಡನೆಯ ತೊಂದರೆ ಅಳತೆಯದು. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿ ಇರುವ ಕೋಣೆ ಧ್ವನಿಯ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ಕೋಣೆ. ಹತ್ತು ಅಡಿ ಎಂದರೆ ಸುಮಾರು 3.05 ಮೀಟರ್. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಎಂದು ಹಿಡಿದರೆ, ಎದುರುಬದುರಿನ ಗೋಡೆಗಳ ನಡುವೆ 56 ಹರ್ಟ್ಸ್, ಅದರ ದುಪ್ಪಟ್ಟು 112, ಮೂರು ಪಟ್ಟು 168, ಹೀಗೆ ಕೆಲವು ಸ್ವರಗಳು ಉಬ್ಬುತ್ತವೆ. ಮೂರು ದಿಕ್ಕಿನಲ್ಲೂ ಅದೇ ಅಳತೆ ಇದ್ದಾಗ ಮೂರು ಉಬ್ಬುಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಗಂಡಸರ ಕೆಳಸ್ವರ ಇರುವುದು ಸರಿಯಾಗಿ ಆ 112ರ ಆಸುಪಾಸಿನಲ್ಲಿ. ಒಂದು ಸ್ವರಕ್ಕೆ ಕೋಣೆ ಗುಮ್ಮೆನ್ನುತ್ತದೆ, ಪಕ್ಕದ ಸ್ವರಕ್ಕೆ ಸುಮ್ಮನಿರುತ್ತದೆ. ಹಾಡುವವರ ದೋಷವಲ್ಲ ಅದು.

ಮೊಟ್ಟೆಯ ಟ್ರೇ ಬೇಡ. ಅದು ತೆಳುವಾದ ಕಾಗದ, ಮೇಲಿನ ಸ್ವರಗಳನ್ನು ಸ್ವಲ್ಪ ಚದುರಿಸುತ್ತದೆ, ಕೆಳಗಿನವನ್ನು ಮುಟ್ಟುವುದೂ ಇಲ್ಲ. ಬೆಂಕಿ ಬೇಗ ಹತ್ತುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ಒಂದಿಂಚಿನ ಫೋಮ್ ಕೂಡ ಝಿಣ್ ಅನ್ನು ಕಡಿಮೆ ಮಾಡಿ ಗುಮ್ಮನ್ನು ಹಾಗೆಯೇ ಬಿಡುತ್ತದೆ; ಕೋಣೆ ಇನ್ನಷ್ಟು ಮಂಕಾಗಿ ಕೇಳಿಸುತ್ತದೆ. ಎರಡಿಂಚು ದಪ್ಪದ, ಕಲ್ಲಿನ ನಾರಿನಿಂದ ಮಾಡಿದ ರಾಕ್‌ವುಲ್ ಹಲಗೆಗಳನ್ನು ಮರದ ಚೌಕಟ್ಟಿಗೆ ಹಾಕಿ, ಬಟ್ಟೆ ಹೊದಿಸಿ, ಗೋಡೆಯಿಂದ ನಾಲ್ಕಿಂಚು ಬಿಟ್ಟು ನಿಲ್ಲಿಸುವುದು ಸರಿಯಾದ ದಾರಿ. ಹಿಂದಿನ ಆ ಖಾಲಿ ಜಾಗದಿಂದಲೇ ಹಲಗೆಯ ಹಿಡಿತ ಕೆಳಸ್ವರದ ಕಡೆಗೆ ಇಳಿಯುತ್ತದೆ. ಮೂಲೆಗಳಿಗೆ ಇನ್ನೂ ದಪ್ಪ ಬೇಕು.

ಅಷ್ಟು ಮಾಡುವವರೆಗೆ ಮನೆಯ ಕೌದಿಗಳನ್ನು ತೆಗೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ ಇರುತ್ತದಲ್ಲ, ಅದನ್ನು ಎರಡು ಪದರ ಮಾಡಿ ಹಗ್ಗದ ಮೇಲೆ, ಗೋಡೆಗೆ ತಾಗದಂತೆ ಇಳಿಬಿಡು. ನೆಲಕ್ಕೆ ಜಮಖಾನೆ, ಎರಡು ಮೂಲೆಗೆ ಸುತ್ತಿದ ಹತ್ತಿಯ ಗಾದಿ. ಮತ್ತೆ ಚಪ್ಪಾಳೆ ತಟ್ಟಿ ನೋಡು. ಮೈಕಿನ ಮಾತು ಆಮೇಲೆ ಆಡೋಣ.

ವಾಡಿ ಜಂಕ್ಷನ್

ಅಣ್ಣ ಹೇಳಿದ್ದು ಒಳಗಿನ ಗುಂಗಿಗೆ ಮದ್ದು. ಹೊರಗಿನ ಸದ್ದು ಒಳಗೆ ಬರದಂತೆ ತಡೆಯುವುದು ಬೇರೆಯೇ ಕೆಲಸ. ಇವೆರಡನ್ನು ಒಂದೇ ಎಂದು ತಿಳಿದು ಜನ ದುಡ್ಡು ಕಳೆಯುತ್ತಾರೆ. ಕೌದಿಯಾಗಲಿ ರಾಕ್‌ವುಲ್ ಆಗಲಿ ಆಟೋದ ಸದ್ದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ತೂಕ ಬೇಕು, ಸಂದು ಮುಚ್ಚಬೇಕು. ನಿಮ್ಮ ಕಿಟಕಿಗೆ ಒಳಗಿನಿಂದ ದಪ್ಪ ಪ್ಲೈವುಡ್ಡಿನ ಪಡಿ ಮಾಡಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಚ್ಚಿ, ಬಾಗಿಲಿನ ಕೆಳಸಂದಿಗೂ ಅದೇ ಮಾಡಿ. ಬೆರಳಗಲದ ಸಂದು ಉಳಿದರೂ ಮಾಡಿದ ಕೆಲಸದ ಅರ್ಧ ಹೋದಂತೆ.

ನಾನಿರುವುದು ರೈಲು ನಿಲ್ದಾಣದ ಹತ್ತಿರ. ಗೂಡ್ಸ್ ರೈಲಿನ ಗುಡುಗು ನೆಲದಿಂದಲೇ ಮೈಕ್ ಸ್ಟ್ಯಾಂಡಿಗೆ ಏರುತ್ತದೆ. ಸ್ಟ್ಯಾಂಡಿನ ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಹಚ್ಚಿದರೆ ದನಿಗೆ ಏನೂ ನಷ್ಟವಿಲ್ಲ. ಎಲ್ಲಕ್ಕಿಂತ ಅಗ್ಗದ ಉಪಾಯ ಹೊತ್ತನ್ನು ಆರಿಸುವುದು. ರಾತ್ರಿ ಹನ್ನೊಂದರ ಮೇಲೆ ಅಥವಾ ನಸುಕಿನಲ್ಲಿ ಕುಳಿತುಕೊಳ್ಳಿ. ಭಜನೆಯವರಿಗೆ ಅದು ರೂಢಿಯ ಹೊತ್ತೇ ಆಗಿರುವುದರಿಂದ ಗಂಟಲೂ ತೆರೆದಿರುತ್ತದೆ.

ಬೀದರ್ ಸೊಲ್ಲು

ನಾನು ಭಕ್ತಿಗೀತೆಗಳಿಗೆ ಸಂಗೀತ ಹೊಂದಿಸುತ್ತೇನೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಐದು ಜನರನ್ನು ಒಟ್ಟಿಗೆ ಕೂರಿಸಿದರೆ ಎಲ್ಲರ ದನಿಯೂ ಎಲ್ಲ ಮೈಕಿಗೂ ಹೋಗುತ್ತದೆ. ಒಬ್ಬರು ತಪ್ಪಿದರೆ ಇಡೀ ಪದ ಮತ್ತೆ ಹಾಡಬೇಕು. ಲಯದ ಟಿಕ್ ಟಿಕ್ ಅನ್ನು ಹೆಡ್‌ಫೋನಿನಲ್ಲಿ ಕೇಳಿಸಿ ಮೊದಲು ದಮ್ಮಡಿ, ಆಮೇಲೆ ಪೇಟಿ, ಕೊನೆಗೆ ಗಾಯಕರು, ಹೀಗೆ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದರೆ ಒಂದೊಂದನ್ನೂ ತಿದ್ದಬಹುದು. ಎರಡು ಇನ್‌ಪುಟ್ ಇರುವ ಸಣ್ಣ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಸಾಕು, ಕೋಣೆ ಚಿಕ್ಕದಾದರೂ ನಡೆಯುತ್ತದೆ, ದುಡ್ಡೂ ಉಳಿಯುತ್ತದೆ. ಹಾಡುವಾಗ ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ದನಿಯ ತುಣುಕು) 128 ಅಥವಾ 256 ಸ್ಯಾಂಪಲ್ಲಿಗೆ ಇಡಿ, ಮಿಶ್ರಣ ಮಾಡುವಾಗ 1024. 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಎಂದರೆ ಸುಮಾರು 5.3 ಮಿಲಿಸೆಕೆಂಡ್ ತಡ. ಹೋಗಿ ಬರುವಾಗ ಎರಡು ಪಟ್ಟಿಗಿಂತ ತುಸು ಹೆಚ್ಚು. ವಿಂಡೋಸ್ ಆದರೆ ಇಂಟರ್‌ಫೇಸ್ ತಯಾರಿಸಿದವರದೇ ಎಎಸ್ಐಒ ಡ್ರೈವರ್ (ಆ ತಡ ತಗ್ಗಿಸುವ ತಂತ್ರಾಂಶ) ಹಾಕಿಕೊಳ್ಳಿ.

ಆಳಂದ ರಸ್ತೆ

ಬೀದರಿನವರೇ, ಹೊಸದಾಗಿ ಸಂಗೀತ ಹೊಂದಿಸಿದ ಹಾಡಿಗೆ ನಿಮ್ಮ ಕ್ರಮವೇ ಸರಿ. ತತ್ವಪದಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ಒಂದು ಪದ ನಿಧಾನವಾಗಿ ಎತ್ತಿಕೊಂಡು ಕೊನೆಯ ನುಡಿಗೆ ಬರುವ ಹೊತ್ತಿಗೆ ಎಷ್ಟು ಏರಿರುತ್ತದೆ ಎಂದು ಯಾರೂ ಮೊದಲೇ ಗೊತ್ತುಮಾಡಿರುವುದಿಲ್ಲ. ಮುಂದೆ ಹಾಡುವವರು ಗದ್ದ ಎತ್ತಿದರೆ ದಮ್ಮಡಿಯವರ ಕೈ ತಿರುಗುತ್ತದೆ, ದಮ್ಮಡಿಯ ಏಟು ಬಿಗಿಯಾದರೆ ಹಿಮ್ಮೇಳದವರು ಪಲ್ಲವಿಯನ್ನು ಒಂದು ಉಸಿರು ಮೊದಲೇ ಹಿಡಿಯುತ್ತಾರೆ. ಇದೆಲ್ಲ ಕಣ್ಣಿನಲ್ಲಿ ನಡೆಯುವ ವ್ಯವಹಾರ. ಎಪ್ಪತ್ತು ದಾಟಿದವರ ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಕೇಳಿಸಿ, ಒಬ್ಬೊಬ್ಬರನ್ನೇ ಕೋಣೆಗೆ ಕರೆದರೆ ಬರುವುದು ಪದದ ಸಾಹಿತ್ಯ ಮಾತ್ರ. ನಮ್ಮ ತಮ್ಮ ಉಳಿಸಬೇಕೆಂದಿರುವುದು ಧಾಟಿಯನ್ನು. ಧಾಟಿ ಇರುವುದು ಅವರು ಒಟ್ಟಿಗೆ ಕೂತಾಗ. ಯಂತ್ರ ಅವರಿಗೆ ಹೊಂದಿಕೊಳ್ಳಬೇಕೇ ಹೊರತು ಅವರು ಯಂತ್ರಕ್ಕಲ್ಲ.

ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಹೋಗುವುದನ್ನು ಕೂರಿಸುವ ಕ್ರಮದಿಂದಲೇ ಅರ್ಧ ತಪ್ಪಿಸಬಹುದು. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನದನ್ನು ಬಹಳ ಕಡಿಮೆ ಕೇಳುತ್ತದೆ. ಈ ಗುಂಪಿನಲ್ಲಿ ಎಲ್ಲರನ್ನೂ ಮುಚ್ಚಿಹಾಕುವುದು ತಾಳ. ತಾಳದವರನ್ನು ಮುಖ್ಯ ಗಾಯಕರ ಎದುರಿಗೆ, ಅಂದರೆ ಗಾಯಕರ ಮೈಕಿನ ಬೆನ್ನಿನ ಕಡೆಗೆ ಕೂರಿಸಿ. ತಾಳಕ್ಕೆ ಬೇರೆ ಮೈಕ್ ಬೇಡವೇ ಬೇಡ. ಬಾಯಿಂದ ಒಂದು ಗೇಣು ದೂರಕ್ಕೆ ಒಂದು ಮೈಕ್ ಇಟ್ಟರೆ, ಮುಂದಿನ ಮೈಕ್ ಅದರಿಂದ ಕನಿಷ್ಠ ಮೂರು ಗೇಣು ದೂರ ಇರಲಿ. ಒಂದೇ ದನಿ ಎರಡು ಮೈಕಿಗೆ ಒಂದು ಮಿಲಿಸೆಕೆಂಡ್ ಹಿಂದುಮುಂದಾಗಿ, ಅಂದರೆ ಸುಮಾರು 34 ಸೆಂಟಿಮೀಟರ್ ಅಂತರದಲ್ಲಿ ತಲುಪಿ, ಬಲದಲ್ಲಿಯೂ ಸರಿಸುಮಾರು ಸಮವಾಗಿದ್ದರೆ, ಎರಡನ್ನೂ ಕೂಡಿಸಿದಾಗ 500 ಹರ್ಟ್ಸ್‌ನಲ್ಲಿ ದನಿ ಕರಗಿಹೋಗುತ್ತದೆ. ಕೊಳವೆಯೊಳಗಿಂದ ಹಾಡಿದಂತೆ ಕೇಳಿಸುವುದು ಅದಕ್ಕೇ.

ಶಹಾಪುರದಾಕೆ

ನಾನು ಪಾಠಗಳಿಗೆ ದನಿ ಕೊಡುವ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಇಲ್ಲಿ ಯಾರೂ ಕರೆಂಟಿನ ಮಾತೆತ್ತಿಲ್ಲವಲ್ಲ! ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಮನೆಯ ಸ್ಟುಡಿಯೋ ಕೈಕೊಡುವುದು ಮೊದಲು ಅಲ್ಲಿಯೇ.

ಹೆಡ್‌ಫೋನಿನಲ್ಲಿ ಸಣ್ಣಗೆ ‘ಹೂಂ’ ಎನ್ನುವ ಸದ್ದು ಬಂದರೆ ಅದು 50 ಹರ್ಟ್ಸ್‌ನ ಮನೆಯ ಕರೆಂಟು ಅಥವಾ ಅದರ ದುಪ್ಪಟ್ಟು. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಸದ್ದು ನಿಂತರೆ ಅರ್ಥಿಂಗ್ ತೊಂದರೆ ಇರುವ ಸಾಧ್ಯತೆ ಹೆಚ್ಚು. ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ. ಒಂದೆರಡು ವೋಲ್ಟಿಗಿಂತ ಬಹಳ ಹೆಚ್ಚು ತೋರಿಸಿದರೆ ಅರ್ಥಿಂಗ್ ಗುಂಡಿಯ ಕಡೆ ನೋಡಬೇಕು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿದಾಗ ಕೊಳವೆಗೂ ಮಣ್ಣಿಗೂ ನಡುವೆ ಹಿಡಿತವೇ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಿ. ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕತ್ತರಿಸುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಲೋಹದ ಮೈಕಿಗೆ ತುಟಿ ತಾಗಿಸಿ ಹಾಡುವವರ ಜೀವದ ಪ್ರಶ್ನೆ ಅದು.

ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ಚೌಕ ಅಲೆಯ ಹಳೆಯ ಇನ್ವರ್ಟರ್, ಇವೆರಡೂ ‘ಜರ್‍ರ್’ ಎನ್ನುವ ಸದ್ದು ತರುತ್ತವೆ. ಫ್ಯಾನನ್ನು ಸ್ವಿಚ್ಚಿನಲ್ಲೇ ಆರಿಸಿ. ಇನ್ವರ್ಟರ್ ಹೊಸದಾಗಿ ತರುವುದಾದರೆ ಶುದ್ಧ ಸೈನ್ ಅಲೆಯದೇ ಇರಲಿ.

ತಮ್ಮನ ಬಳಿ ಲ್ಯಾಪ್‌ಟಾಪ್ ಇರುವುದು ಒಳ್ಳೆಯದಾಯಿತು. ಸ್ಕಾರ್ಲೆಟ್ 2ಐ2ನಂತಹ ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುತ್ತದೆ, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟನ್ನೂ ಕೊಡುತ್ತದೆ. ಲೈನ್ ಹೋದರೂ ಬ್ಯಾಟರಿ ಇರುವಷ್ಟು ಹೊತ್ತು ಪದ ನಿಲ್ಲುವುದಿಲ್ಲ. ನಾಲ್ಕು ಮೈಕ್ ಹಿಡಿಯುವ ಬೆರಿಂಜರ್ ಯುಎಂಸಿ404ಎಚ್‌ಡಿಯಂತಹವಕ್ಕೆ ಬೇರೆ ಅಡಾಪ್ಟರ್ ಬೇಕು, ಅದಕ್ಕೊಂದು ಯುಪಿಎಸ್ ಜೊತೆ ಮಾಡಲೇಬೇಕು.

ಅಂದಮೇಲೆ ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ಬ್ಯಾಟರಿಯ ಮೇಲೆ ನಡೆಯುವುದಾದರೆ ಅದನ್ನು ಮಠಕ್ಕೇ ಏಕೆ ಒಯ್ಯಬಾರದು? ವಯಸ್ಸಾದವರನ್ನು ಮಹಡಿ ಹತ್ತಿಸುವುದು ಏಕೆ? ಐದು ಜನ, ಕಿಟಕಿ ಮುಚ್ಚಿದ ಕೋಣೆ, ಫ್ಯಾನಿಲ್ಲ, ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಬೇಸಿಗೆಯಲ್ಲಿ ಅದು ಆಗದ ಮಾತು.

ದಮ್ಮಡಿ ದನಿ (ಕಲಬುರಗಿ)

ಅಕ್ಕ, ನೀವು ಹೇಳಿದ ಮೇಲೆ ಅದೇ ಯೋಚನೆ ಹತ್ತಿದೆ. ಮಠದ ಪಡಸಾಲೆ ದೊಡ್ಡದು, ಕಲ್ಲಿನ ಕಂಬಗಳು, ಒಂದು ಬದಿ ತೆರೆದೇ ಇದೆ. ಆದರೆ ಅಲ್ಲಿಯೂ ನೆಲ ಫರಸಿಯದೇ. ಗುಂಗು ಹೆಚ್ಚಾಗುವುದಿಲ್ಲವೇ? ಅಮಾವಾಸ್ಯೆಯ ದಿನ ಜನರೂ ಬಹಳ.

ಕೌದಿ ಕಟ್ಟಿ ಚಪ್ಪಾಳೆ ತಟ್ಟಿ ನೋಡಿದೆ. ಝಿಣ್ ಬಹುಪಾಲು ಹೋಗಿದೆ. ಗುಮ್ಮೆನ್ನುವುದು ಇನ್ನೂ ಇದೆ, ಬಾಗಿಲ ಪಕ್ಕದ ಮೂಲೆಯಲ್ಲಿ ಜಾಸ್ತಿ.

ಆಳಂದ ರಸ್ತೆ

ಶಹಾಪುರದ ತಂಗಿಯ ಮಾತು ನನಗೆ ಹಿಡಿಸಿತು. ಕಂಬಗಳಿರುವ, ಒಂದು ಬದಿ ತೆರೆದ ದೊಡ್ಡ ಪಡಸಾಲೆಯ ಗುಂಗು ನಿನ್ನ ಕೋಣೆಯ ಗುಮ್ಮಿನಂತಲ್ಲ. ದನಿ ಹೋಗುವುದಕ್ಕೆ ಜಾಗವಿದೆ, ಕಂಬಗಳು ಅದನ್ನು ಚದುರಿಸುತ್ತವೆ. ಮೈಕುಗಳನ್ನು ಹತ್ತಿರ ಇಟ್ಟರೆ ಮಾತು ಸ್ಪಷ್ಟವಾಗಿ ಬಂದು, ಹಿಂದೆ ಆ ಜಾಗದ ಉಸಿರು ಸ್ವಲ್ಪ ಉಳಿಯುತ್ತದೆ. ಅದನ್ನು ಅಳಿಸಬೇಡ. ಅಮಾವಾಸ್ಯೆ ಬಿಟ್ಟು ಬೇರೆ ದಿನ, ಊರು ಮಲಗಿದ ಮೇಲೆ ಕೂರಿಸು. ದಮ್ಮಡಿ ಮತ್ತು ತಾಳದವರ ಕೆಳಗೆ, ಬೆನ್ನ ಹಿಂದೆ ಕೌದಿ ಇರಲಿ. ನಿನ್ನ ಕೋಣೆ ಕೇಳುವುದಕ್ಕೆ, ತಿದ್ದುವುದಕ್ಕೆ, ಒಬ್ಬರೇ ಕೂತು ಪದದ ಅರ್ಥ ಹೇಳಿದಾಗ ಹಿಡಿಯುವುದಕ್ಕೆ ಸರಿಹೋಗುತ್ತದೆ. ಅಂತಹ ಕೋಣೆಯಲ್ಲಿ ಸ್ಪೀಕರ್ ಇಟ್ಟರೆ ಅದು ಕೆಳಸ್ವರದ ಬಗ್ಗೆ ಸುಳ್ಳು ಹೇಳುತ್ತದೆ. ಸದ್ಯಕ್ಕೆ ಸ್ಪೀಕರಿನ ದುಡ್ಡನ್ನು ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನಿಗೆ ಹಾಕು.

ಮೈಕಿಗೆ ಬರೋಣ. ಶೂರ್ ಕಂಪನಿಯ ಎಸ್ಎಂ58 ಎಂಬ ಡೈನಾಮಿಕ್ ಮೈಕ್ (ಹೊರಗಿನ ಕರೆಂಟು ಬೇಡದ ಗಟ್ಟಿ ಮೈಕ್) 1966ರಿಂದ ಇದೆ. ಧೂಳಿಗೂ ತೇವಕ್ಕೂ ಬಗ್ಗುವುದಿಲ್ಲ, ದೂರದ ಸದ್ದಿಗೆ ಹೆಚ್ಚು ಕಿವಿ ಕೊಡುವುದಿಲ್ಲ, ತೆರೆದ ಗಂಟಲಿನ ಭಜನೆಗೆ ಹೇಳಿ ಮಾಡಿಸಿದ್ದು. ಎರಡು ಇನ್‌ಪುಟ್ ಇದ್ದರೆ ಒಂದು ಮುಖ್ಯ ಗಾಯಕರಿಗೆ, ಇನ್ನೊಂದು ಪೇಟಿ, ದಮ್ಮಡಿ, ಹಿಮ್ಮೇಳದ ನಡುವೆ, ತುಸು ಎತ್ತರದಲ್ಲಿ. ಏಕತಾರಿ ಗಾಯಕರ ತೊಡೆಯ ಮೇಲೇ ಇರುವುದರಿಂದ ಅವರ ಮೈಕಿಗೆ ತಾನಾಗಿಯೇ ಬರುತ್ತದೆ.

24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಹಿಡಿ. ಅತಿ ಜೋರಿನ ಏಟೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ (ಮೈಕಿನ ದನಿಯನ್ನು ಏರಿಸುವ ಮಟ್ಟ) ಇಡು. ಕೊನೆಯ ನುಡಿಗೆ ದಮ್ಮಡಿ ಎಷ್ಟು ಏರುತ್ತದೆಂದು ನಿನಗೇ ಗೊತ್ತು. ಮೊಬೈಲಿನಲ್ಲಿ ಒಡೆದದ್ದು ಅಲ್ಲಿಯೇ. ಒಂದು ಮೈಕಿನ ಒಂದು ಗಂಟೆಯ ದಾಖಲೆಗೆ ಸುಮಾರು 520 ಎಂಬಿ ಜಾಗ ಬೇಕು, ಎರಡು ಮೈಕಿಗೆ ಒಂದು ಜಿಬಿ. ಲ್ಯಾಪ್‌ಟಾಪನ್ನು ಮೈಕಿನಿಂದ ದೂರ, ಕಂಬದ ಹಿಂದೆ ಇಡು. ಅದರ ಫ್ಯಾನಿನ ಸದ್ದೂ ಸದ್ದೇ. ಯುಎಸ್‌ಬಿ ತಂತಿಯನ್ನು ಐದು ಮೀಟರಿಗಿಂತ ಹೆಚ್ಚು ಎಳೆಯಬಾರದು. ಎಕ್ಸ್‌ಎಲ್‌ಆರ್ ತಂತಿಯನ್ನು ಹದಿನೈದು ಮೀಟರ್ ಎಳೆದರೂ ಚಿಂತೆಯಿಲ್ಲ. ಆದ್ದರಿಂದ ಉದ್ದ ಮಾಡುವುದಾದರೆ ಮೈಕಿನ ತಂತಿಯನ್ನು ಮಾಡು.

ವಾಡಿ ಜಂಕ್ಷನ್

ಸಾಫ್ಟ್‌ವೇರಿಗೆ ರೀಪರ್ ನೋಡಿ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಪರವಾನಗಿ 60 ಡಾಲರ್. ಎಂಟು ಜಿಬಿಯ ಯಂತ್ರದಲ್ಲಿ ಹಗುರವಾಗಿ ಓಡುತ್ತದೆ. ಬರೀ ಹಿಡಿದು ಕತ್ತರಿಸುವುದಾದರೆ ಅಡಾಸಿಟಿ ಉಚಿತ. ಕದ್ದ ಸಾಫ್ಟ್‌ವೇರ್ ಹಾಕಬೇಡಿ. ಅದರ ಜೊತೆ ಬರುವ ವೈರಸ್ಸು ಹಿರಿಯರ ಹಾಡನ್ನು ನುಂಗಿದರೆ ಮರಳಿ ಬರುವುದಿಲ್ಲ.

ನಿರ್ವಹಣೆಯ ಮಾತೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಿಮೆಂಟಿನ ಧೂಳು, ನಿಮ್ಮಲ್ಲಿ ದಾಲ್ ಮಿಲ್ಲಿನ ಹೊಟ್ಟು. ಎರಡೂ ಲ್ಯಾಪ್‌ಟಾಪಿನ ಫ್ಯಾನಿನಲ್ಲಿ ಗಟ್ಟಿಯಾಗಿ ಕೂರುತ್ತವೆ, ಯಂತ್ರ ಕಾಯುತ್ತದೆ, ಕಾದಾಗ ತಾನೇ ವೇಗ ತಗ್ಗಿಸುತ್ತದೆ, ದಾಖಲೆಯಲ್ಲಿ ‘ಚಟ್ ಚಟ್’ ಬರುತ್ತದೆ. ತಿಂಗಳಿಗೊಮ್ಮೆ ಯಂತ್ರ ಆರಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಗಾಳಿ ಊದಿ. ಮೈಕುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಇಡಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿ. ತಂತಿಯನ್ನು ಮೊಣಕೈಗೆ ಸುತ್ತಬೇಡಿ, ಒಳಗಿನ ಎಳೆ ತಿರುಚಿ ಮುರಿಯುತ್ತದೆ. ಹಾಡಿನ ಕೆಲಸ ನಡುವೆ ಇರುವಾಗ ವಿಂಡೋಸ್ ಆಗಲಿ ಡ್ರೈವರ್ ಆಗಲಿ ಹೊಸದು ಮಾಡಬೇಡಿ.

ಬೀದರ್ ಸೊಲ್ಲು

ಆಳಂದ ರಸ್ತೆಯವರ ಕಣ್ಣಿನ ವ್ಯವಹಾರದ ಮಾತನ್ನು ಒಪ್ಪುತ್ತೇನೆ. ಆದರೂ ಒಂದು ಕೋರಿಕೆ: ಒಂದೇ ಪದವನ್ನು ಎರಡು ಬಾರಿ ಹಾಡಿಸಿಕೊಳ್ಳಿ. ಒಮ್ಮೆ ಕೆಮ್ಮು ಬಂದರೆ ಇನ್ನೊಂದರಿಂದ ಆ ನುಡಿ ತೆಗೆದುಕೊಳ್ಳಬಹುದು. ಎರಡೂ ಸಲ ಶ್ರುತಿ ಒಂದೇ ಇರಲಿ. ಪೇಟಿಯ ಕಾಳಿ ಎರಡು (ಎರಡನೆಯ ಕಪ್ಪು ಮನೆ) ಆದರೆ ಕಾಳಿ ಎರಡೇ. ಸ್ವರ ತಿದ್ದುವ ಆಟೋಟ್ಯೂನ್ ಮುಟ್ಟಲೇಬೇಡಿ. ಆ ದನಿಗಳು ಸ್ವರದಿಂದ ಸ್ವರಕ್ಕೆ ಜಾರುವುದನ್ನು ಅದು ತಪ್ಪೆಂದು ತಿಳಿದು ಮೆಟ್ಟಿಲು ಮಾಡಿಬಿಡುತ್ತದೆ. ಕೊನೆಗೆ ಯೂಟ್ಯೂಬಿಗೆ ಹಾಕುವಾಗಲೂ ಜೋರು ಮಾಡಲು ಒತ್ತಬೇಡಿ. ಅಲ್ಲಿ ಒಟ್ಟಾರೆ ಜೋರಿನ ಅಳತೆಯಲ್ಲಿ ಮೈನಸ್ 14 ಲಫ್ಸ್‌ಗಿಂತ ಜೋರಾದದ್ದನ್ನು ಅವರೇ ತಗ್ಗಿಸುತ್ತಾರೆ.

ಶಹಾಪುರದಾಕೆ

ಯೂಟ್ಯೂಬಿನ ಮಾತು ಬಂತು, ಅದಕ್ಕೇ ಹೇಳುತ್ತೇನೆ. ಹಾಡುವ ಐವರಿಗೂ ಮೊದಲೇ ತಿಳಿಸಿ, ಒಪ್ಪಿಗೆಯನ್ನು ಕಾಗದದ ಮೇಲೆ ತೆಗೆದುಕೊಳ್ಳಿ. ಪದ ಎಷ್ಟೇ ಹಳೆಯದಾಗಿರಲಿ, ಹಾಡಿದ ಆ ದನಿಯ ಮೇಲೆ ಹಾಡಿದವರಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂ ಪ್ರದರ್ಶಕರಿಗೆ 50 ವರ್ಷದ ಹಕ್ಕು ಕೊಟ್ಟಿದೆ. ದೊಡ್ಡಪ್ಪನವರು ಮನೆಯವರು ಎಂದು ಬಿಡಬೇಡಿ. ಉಳಿದ ನಾಲ್ವರಿಗೆ ಓದಲು ಬಾರದಿದ್ದರೆ ಓದಿ ಹೇಳಿ. ಅದರಿಂದ ದುಡ್ಡು ಬಂದರೆ ಹೇಗೆ ಹಂಚುವುದು ಎಂಬುದನ್ನೂ ಅದರಲ್ಲಿ ಬರೆಯಿರಿ.

ಹಿಡಿದ ರಾತ್ರಿಯೇ ಮೂರು ಪ್ರತಿ ಮಾಡಿ: ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಇನ್ನೊಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ. ಕಡತದ ಹೆಸರಿನಲ್ಲಿ ದಿನಾಂಕ, ಹಾಡಿದವರು, ಪದದ ಮೊದಲ ಸಾಲು, ಶ್ರುತಿ ಇರಲಿ. ‘ಹೊಸದು 2 ಕೊನೆಯದು’ ಎಂದು ಹೆಸರಿಟ್ಟ ಕಡತ ಹತ್ತು ವರ್ಷದ ಮೇಲೆ ಯಾರಿಗೂ ಏನನ್ನೂ ಹೇಳುವುದಿಲ್ಲ.

ದಮ್ಮಡಿ ದನಿ (ಕಲಬುರಗಿ)

ಎಲ್ಲರಿಗೂ ಶರಣು ಶರಣಾರ್ಥಿ. ದೊಡ್ಡಪ್ಪನವರ ಜೊತೆ ಮಾತಾಡಿದೆ. ಮಠದಲ್ಲೇ ಆದರೆ ಎಲ್ಲರೂ ಬರುತ್ತೇವೆ ಎಂದಿದ್ದಾರೆ, ಒಪ್ಪಿಗೆಯ ಕಾಗದಕ್ಕೂ ಸಿದ್ಧ. ಎರಡು ಇನ್‌ಪುಟ್ಟಿನ ಇಂಟರ್‌ಫೇಸ್, ಎರಡು ಡೈನಾಮಿಕ್ ಮೈಕ್, ಒಂದು ಹೆಡ್‌ಫೋನ್, ಉದ್ದ ತಂತಿ, ಹೊರಗಿನ ಡಿಸ್ಕು. ಇಷ್ಟಕ್ಕೆ ಪಟ್ಟಿ ಬರೆದಿದ್ದೇನೆ. ದುಡ್ಡು ಉಳಿದರೆ ಕೋಣೆಯ ಮೂಲೆಗೆ ರಾಕ್‌ವುಲ್.

ಕೊನೆಯದೊಂದು ಕೇಳಬೇಕಿತ್ತು. ದಮ್ಮಡಿಯ ಚರ್ಮ ತಂಪು ಹೊತ್ತಿನಲ್ಲಿ ಸಡಿಲಾಗುತ್ತದೆ, ಅವರು ನಡುನಡುವೆ ಬೆಂಕಿಗೆ ಕಾಯಿಸುತ್ತಾರೆ. ಕಾಯಿಸಿದ ಕೂಡಲೇ ದನಿ ಬಹಳ ಚೂಪು. ಆಗ ಗೇನ್ ಬದಲಿಸಬೇಕೇ?

ಆಳಂದ ರಸ್ತೆ

ಬದಲಿಸಬೇಡ. ಕಾಯಿಸಿದ ದಮ್ಮಡಿಯನ್ನೇ ಬಡಿಸಿ ಮೊದಲು ಗೇನ್ ಗೊತ್ತುಮಾಡಿಕೊ, ಆಮೇಲೆ ಇಡೀ ರಾತ್ರಿ ಅದನ್ನು ಮುಟ್ಟಬೇಡ. ಸಡಿಲಾದಾಗ ದನಿ ತಗ್ಗಿದರೆ ತಗ್ಗಲಿ, 24 ಬಿಟ್‌ನಲ್ಲಿ ಆಮೇಲೆ ಏರಿಸಿಕೊಳ್ಳಬಹುದು. ಚೂಪು ಹೆಚ್ಚೆನಿಸಿದರೆ ಮೈಕಿನ ಮೂತಿಯನ್ನು ಚರ್ಮದ ನಡುವಿನಿಂದ ಅಂಚಿನ ಕಡೆಗೆ ಸ್ವಲ್ಪ ತಿರುಗಿಸು ಮತ್ತು ಒಂದು ಗೇಣು ಹಿಂದಕ್ಕೆ ತೆಗೆ. ಬೆಂಕಿಯನ್ನು ಪಡಸಾಲೆಯ ಹೊರಗೆ ಹಾಕಿಸು, ಕಟ್ಟಿಗೆ ಚಟಪಟ ಎನ್ನುವುದು ಮೈಕಿಗೆ ಚೆನ್ನಾಗಿ ಕೇಳುತ್ತದೆ. ಮೊದಲ ಪದ ಹಿಡಿದ ಮೇಲೆ ಒಂದು ನಿಮಿಷದ ತುಣುಕು ಇಲ್ಲಿ ಹಾಕು, ಕೇಳಿ ಹೇಳುತ್ತೇವೆ.